ಹೆಬ್ಬೆರಳು ಕಿರುಬೆರಳಿಗೆ ತಾಗಬೇಕು

ಬೋರ್ಗಿಲ್ಡ್‌ಗೆ ಅರವತ್ತೊಂದು. ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳಿದ ಕೈ ಅವಳದು. ನಿವೃತ್ತಿಯಾದ ಮೇಲೆ ಅವಳಿಗೆ ಅಡುಗೆಮನೆಯ ಕಿಟಕಿಯೇ ಗತಿ. ಮಾರ್ಚ್ ತಿಂಗಳ ಹಿಮದಲ್ಲೂ ಕರಿ ರಬ್ಬರ್ ಸೂಟು ತೊಟ್ಟ ಹುಡುಗ ಹುಡುಗಿಯರು ಹಲಗೆ ಹಿಡಿದು ಕಡಲಿಗೆ ಓಡುತ್ತಿದ್ದರು. ಬೀಳುತ್ತಾರೆ, ಮೂಗಿನಲ್ಲಿ ನೀರು ಸುರಿಸುತ್ತಾ ಏಳುತ್ತಾರೆ, ನಗುತ್ತಾ ಮತ್ತೆ ಹೋಗುತ್ತಾರೆ. ಅಲ್ಲಿ ಅಂಥದ್ದೇನಿದೆ? ಊರ ಗಂಡಸರನ್ನು ಕೇಳಿದರೆ ಅವಕ್ಕೆ ತಲೆ ಕೆಟ್ಟಿದೆ ಅಂದರು. ಈ ದ್ವೀಪದವರಿಗೆ ಕಡಲು ದೋಣಿಯ ಕೆಳಗಿದ್ದರೇ ಚೆಂದ. ಮೀನುಗಾರರಲ್ಲೇ ಎಷ್ಟೋ ಜನಕ್ಕೆ ಈಜು ಬಾರದು.

ತಡೆಯಲಾರದೆ ಒಂದು ದಿನ ಅಣ್ಣನ ಮಗಳು ತೀರಿಲ್‌ಳ ಬಾಗಿಲು ತಟ್ಟಿ, ತನಗೂ ಕಲಿಸು ಅಂದಳು. ತೀರಿಲ್ ದಡದಲ್ಲಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯೇರುವುದನ್ನು ಕಲಿಸುತ್ತಾಳೆ, ಸೂಟು ಬಾಡಿಗೆಗೆ ಕೊಡುತ್ತಾಳೆ. ಅವಳು ಮೊದಲು ನಕ್ಕಳು. ಅತ್ತೆ ನಗದಿದ್ದುದನ್ನು ಕಂಡು ಒಪ್ಪಿದಳು. ಎರಡು ವಾರ ಮರಳ ಮೇಲೆ ಹಲಗೆಯಿಟ್ಟು ಏಳುವುದು, ಬೀಳುವುದು ಕಲಿಸಿದಳು. ಆಮೇಲೆ ಆರು ಮಿಲಿಮೀಟರ್ ದಪ್ಪದ ಸೂಟಿನೊಳಗೆ ಅತ್ತೆಯನ್ನು ತುರುಕಲು ಅರ್ಧ ಗಂಟೆ ಹಿಡಿಯಿತು. ಕೆನ್ನೆಗೆ ವ್ಯಾಸಲೀನ್ ಬಳಿದು, ಕೈಗವಸಿನೊಳಗೆ ಫ್ಲಾಸ್ಕಿನ ಬೆಚ್ಚನೆ ನೀರು ಸುರಿದಳು.

"ಐದೈದು ನಿಮಿಷಕ್ಕೆ ಸೀಟಿ ಊದ್ತೀನಿ ಅತ್ತೆ. ಹೆಬ್ಬೆರಳನ್ನ ಕಿರುಬೆರಳಿಗೆ ತಾಗಿಸಿ ನೋಡ್ಕೋ. ತಾಗಿದ್ರೆ ಕೈ ಎತ್ತು. ತಾಗ್ಲಿಲ್ವೋ, ಕೈ ಮರಗಟ್ಟಿದೆ ಅಂತ; ಮಾತಿಲ್ಲ, ದಡಕ್ಕೆ ಬಾ. ಸುಳ್ಳು ಹೇಳಿದ್ಯೋ, ಇನ್ನು ಈ ಸೂಟು ಕನಸಲ್ಲೂ ಸಿಗಲ್ಲ."

"ಗವಸಿನೊಳಗೆ ಏನಾಯ್ತು ಅಂತ ನಿನಗೆ ಹೇಗೇ ಗೊತ್ತಾಗತ್ತೆ?"

"ನಿನಗೆ ಗೊತ್ತಾಗತ್ತಲ್ಲ."

ಸೊಂಟದುದ್ದ ನೀರಿನಲ್ಲಿ ಮೊದಲ ಸಲ ಬಿದ್ದಾಗ ಹಣೆಯೊಳಗೆ ಮೊಳೆ ಹೊಡೆದಂತಾಯಿತು. ಆದರೂ ಬೋರ್ಗಿಲ್ಡ್‌ಗೆ ಖುಷಿಯೋ ಖುಷಿ. ಬಿದ್ದಾಗಲೆಲ್ಲ ಏನೋ ಒಂದು ತಿಳಿಯುತ್ತಿತ್ತು. ಅಲೆ ತಳ್ಳುವ ಮುಂಚೆ ಒಮ್ಮೆ ತನ್ನತ್ತ ಎಳೆದುಕೊಳ್ಳುತ್ತದೆ. ಕಿಟಕಿಯಿಂದ ಅದು ಕಾಣುವುದಿಲ್ಲ. ಮೊದಲ ಎರಡು ಸೀಟಿಗೂ ಧೈರ್ಯವಾಗಿ ಕೈ ಎತ್ತಿದಳು. ಮೂರನೆಯದರ ಹೊತ್ತಿಗೆ ಚಳಿಯೇ ಇರಲಿಲ್ಲ, ಮೈಯೆಲ್ಲ ಹಾಯಾಗಿತ್ತು.

ಸೀಟಿ ಕೇಳಿಸಿತು. ಹೆಬ್ಬೆರಳು ಅರ್ಧದಾರಿಯಲ್ಲೇ ನಿಂತಿತು. ಮತ್ತೆ ಪ್ರಯತ್ನಿಸಿದಳು. ಇಲ್ಲ.

ಅದೇ ಹೊತ್ತಿಗೆ ಹಿಂದಿನಿಂದ ಒಂದು ಅಲೆ ಬರುತ್ತಿತ್ತು, ನೊರೆಯಿಲ್ಲದ, ನುಣ್ಣನೆಯ ಅಲೆ. ಇಷ್ಟು ದಿನ ಕಾದದ್ದು ಇದಕ್ಕೇ. ಅವಳ ಕೈ ತಾನಾಗಿಯೇ ಮೇಲೇಳತೊಡಗಿತು. ಕಾರ್ಖಾನೆಯಲ್ಲಿ ಮೇಸ್ತ್ರಿ ಕೈ ಮರಗಟ್ಟಿತಾ ಎಂದು ಕೇಳಿದಾಗಲೆಲ್ಲ ಹೆಂಗಸರ ಸಾಲಿಗೆ ಸಾಲೇ ‘ಇಲ್ಲ’ ಅನ್ನುತ್ತಿತ್ತು. ಕೈ ಕಾಯಿಸಲು ಒಲೆಯ ಬಳಿ ಮೊದಲು ಹೋದವಳು ಊರಿಗೆಲ್ಲ ನಗೆಪಾಟಲು. ಹಾಗೆ ಇಲ್ಲ ಇಲ್ಲ ಅಂದೇ ಪಕ್ಕದ ಮೇಜಿನ ಓಡ್‌ವೈಗ್ ಚೂರಿಗೆ ಬೆರಳು ಕೊಟ್ಟಿದ್ದಳು. ಸೀಳಿದ ಮೀನಿನ ರಾಶಿಯಲ್ಲಿ ತುಂಡು ಬೆರಳು ಕಂಡಾಗಲಷ್ಟೇ ಅದು ತನ್ನದೆಂದು ಅವಳಿಗೆ ಗೊತ್ತಾದದ್ದು.

ಬೋರ್ಗಿಲ್ಡ್ ಕೈ ಇಳಿಸಿದಳು. ಅಲೆ ಅವಳನ್ನು ಎತ್ತಿ, ಇಳಿಸಿ, ತನ್ನ ಪಾಡಿಗೆ ಹೋಯಿತು. ಬೈದುಕೊಳ್ಳುತ್ತಲೇ ಹಲಗೆ ಎಳೆದುಕೊಂಡು ದಡ ಸೇರಿದಳು.

ಸೂಟಿನ ಜಿಪ್ಪು ಹಿಡಿಯಲೂ ಬೆರಳು ಒಪ್ಪಲಿಲ್ಲ. ತೀರಿಲ್ ತಾನೇ ಬಿಚ್ಚಿ, ಕಂಬಳಿ ಹೊದಿಸಿ, ಕೈಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟಳು. ರಕ್ತ ಮರಳಿ ಹರಿದಾಗ ನೋವಿಗೆ ಬೋರ್ಗಿಲ್ಡ್ ಅತ್ತೇಬಿಟ್ಟಳು. ಅಳು ನಿಲ್ಲುವ ಮೊದಲೇ ಪ್ರಶ್ನೆ ಬಂತು.

"ಆ ಅಲೆ ಮೇಲೆ ನಿಂತಿದ್ರೆ ಹೇಗಿರ್ತಿತ್ತು, ಹೇಳೇ."

ತೀರಿಲ್ ಅವಳನ್ನೇ ನೋಡಿದಳು. "ಮೊದಲನೇ ದಿನ ನಾನು ಸುಳ್ಳುಕೈ ಎತ್ತಿದ್ದೆ ಅತ್ತೆ. ನಾನು ಕಲಿಸಿದವರೂ ಒಬ್ಬರು ಬಿಡದೆ ಎತ್ತಿದಾರೆ."

"ನಾನು ಕೇಳಿದ್ದು ಅದಲ್ಲ."

"ಹೇಳಲ್ಲ. ನಾಳೆ ಹನ್ನೊಂದಕ್ಕೆ ಬಂದು ನೀನೇ ನಿಂತು ನೋಡು."

ಆಮೇಲೆ ತೀರಿಲ್ ಆ ಒದ್ದೆ ಸೂಟನ್ನು ಬಾಡಿಗೆ ಸೂಟುಗಳ ಸಾಲಿಗೆ ಹಾಕಲಿಲ್ಲ. ಒಳಕೋಣೆಗೆ ಒಯ್ದು ತನ್ನ ಸೂಟಿನ ಪಕ್ಕದಲ್ಲಿ ತೂಗುಹಾಕಿದಳು.