ಒರೆಸುವ ಮೊದಲಿನ ಅಳತೆ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮಗನಿಗೆ ಮಧ್ಯಾಹ್ನದ ಊಟ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವನು ಕೆಲಸ ಮಾಡುವುದು ಒಂದು ಕಚೇರಿಯ ತಾರಸಿಯ ಮೇಲಿನ ತಗಡಿನ ಕೋಣೆಯಲ್ಲಿ. ಅಲ್ಲಿ ಗಾಳಿಯಲ್ಲಿರುವ ಓಝೋನನ್ನು ಅಳೆಯುವ ಯಂತ್ರವಿದೆ. ಓಝೋನ್ ಆಕಾಶದಲ್ಲಿದ್ದರೆ ಕೊಡೆ, ನಾವು ಉಸಿರಾಡುವಲ್ಲಿ ಇದ್ದರೆ ಕೆಂಡ ಎಂದು ಅವನು ಹೇಳುವುದುಂಟು. ಬಿಸಿಲು ಏರಿದಂತೆ ಅದೂ ಏರುತ್ತದೆ.

ನನ್ನವಳಿಗೆ ಉಬ್ಬಸವಿತ್ತು. ಹೊರಗೆ ಹೊರಡುವ ಮೊದಲು ಫೋನ್ ಮಾಡಿ, "ಏನಪ್ಪಾ ಗಾಳಿ ಸಾಹೇಬ, ಅಪ್ಪಣೆ ಉಂಟಾ?" ಎಂದು ಮಗನನ್ನು ಕೇಳುವಳು. ಕಳೆದ ಬೇಸಗೆಯ ಒಂದು ಮಧ್ಯಾಹ್ನ ಅವನು ಯಂತ್ರ ನೋಡಿ, "ಹೋಗಮ್ಮ, ಚೆನ್ನಾಗಿದೆ" ಎಂದ. ಹೋದವಳು ಏದುಸಿರು ಬಿಡುತ್ತ ಬಂದಳು. ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಕೊಟ್ಟವನೇ ಕರೆದುಕೊಂಡ ಎಂದು ನಾನು ಹೇಗೋ ತಡೆದುಕೊಂಡೆ. ಮಗ ಆ ಮಾತನ್ನೇ ಎತ್ತಲಿಲ್ಲ.

ಮೊನ್ನೆ ನಾನು ಹೋದಾಗ ಕೋಣೆಯಲ್ಲಿ ಮಗನ ಜೊತೆ ತಾಳೆಯಕ್ಕ ಇದ್ದಳು. ಅಳತೆ ತಪ್ಪದ ಪ್ರಮಾಣದ ಯಂತ್ರವೊಂದನ್ನು ಹೊತ್ತು ಊರೂರು ತಿರುಗಿ, ಅಲ್ಲಲ್ಲಿನ ಯಂತ್ರಗಳ ಅಳತೆಯನ್ನು ತಾಳೆ ನೋಡುವುದರಿಂದ ಆಕೆಗೆ ಆ ಹೆಸರು. ಇಷ್ಟೇ ಎಂದು ಮೊದಲೇ ಗೊತ್ತಿರುವ ಓಝೋನನ್ನು, ಮಗನ ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಬಿಟ್ಟಳು. ಎರಡು ಯಂತ್ರಗಳ ಅಳತೆಯೂ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಆಕೆಯ ಮುಖ ಮಾತ್ರ ಅರಳಲಿಲ್ಲ. ಕೊಳವೆಯ ಬಾಯಿ ಬಿಚ್ಚಿ ಒಳಗಿನ ಫಿಲ್ಟರ್ ನೋಡಿದಳು. ಹಾಲಿನಂತೆ ಬೆಳ್ಳಗಿತ್ತು.

"ನೆಂಟರು ಬರ್ತಾರೆ ಅಂತ ಮನೆ ಗುಡಿಸಿಟ್ಟ ಹಾಗಿದೆ. ಯಾವಾಗ ಬದಲಾಯಿಸಿದೆ?"

"ಬೆಳಿಗ್ಗೆ, ಅಕ್ಕ. ಕೈ ತಪ್ಪಿ ಮಾಡಿಬಿಟ್ಟೆ."

"ಕೈ ತಪ್ಪಿತೋ, ಬುದ್ಧಿ ತಪ್ಪಿತೋ? ಇದ್ದ ಹಾಗೇ ಮೊದಲು ಅಳೀಬೇಕು, ಆಮೇಲೆ ಒರೆಸಬೇಕು. ಫಿಲ್ಟರಿನ ಧೂಳು ಓಝೋನನ್ನ ತಿಂದುಹಾಕುತ್ತೆ, ಯಂತ್ರ ಕಮ್ಮಿ ತೋರಿಸುತ್ತೆ. ಎಷ್ಟು ತಿಂದಿತ್ತು ಅಂತ ಈಗ ಯಾರನ್ನ ಕೇಳಲಿ? ಹಳೇದೆಲ್ಲಿ?"

"ಎಸೆದೆ."

ಆಕೆ ಗೊಣಗುತ್ತ ಚಹಾ ಕುಡಿಯಲು ಕೆಳಗಿಳಿದಳು. ನಾನು ಮಗನ ಮುಖ ನೋಡಿದೆ. ಚಿಕ್ಕಂದಿನಿಂದಲೂ ಸುಳ್ಳು ಅವನ ಬಾಯಲ್ಲಿ ನಿಲ್ಲುವುದಿಲ್ಲ.

"ಎಸೆದೆಯೇನೋ?"

ಅವನು ಅಂಗಿಯ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದ. ಒಳಗೆ ಬಿಲ್ಲೆಯಂಥ ಫಿಲ್ಟರ್ ಇತ್ತು, ಒಲೆಯ ಬೂದಿಯ ಬಣ್ಣ.

"ಆ ದಿನವೂ ಇದೇ ಇತ್ತು ಅಪ್ಪ. ಇದನ್ನ ವಾಪಸ್ ಹಾಕಿದರೆ ಲೆಕ್ಕ ಸಿಗುತ್ತೆ. ಅಮ್ಮನಿಗೆ ಹೋಗು ಅಂದದ್ದು ಸರಿಯಾ ತಪ್ಪಾ ಅಂತ ಅದು ಹೇಳಿಬಿಡುತ್ತೆ."

ಬೇಡ, ಎಸೆದುಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಿಳಿದ ಮೇಲೆ ಇವನನ್ನು ಯಾವ ಕಣ್ಣಿನಿಂದ ನೋಡಲಿ? ಆದರೆ ಬೀದಿಯಲ್ಲಿ ಕೆಮ್ಮುತ್ತ ನಡೆಯುವವರು ಅವಳೊಬ್ಬಳೇ ಆಗಿರಲಿಲ್ಲ. ದೇವರಿಗೆ ತಿಳಿದದ್ದನ್ನು ನಾವು ಮುಚ್ಚಿ ಯಾರಿಂದ ಬಚ್ಚಿಡುವುದು?

"ಅಕ್ಕನನ್ನ ಕರಿ," ಎಂದೆ.

ಆಕೆ ಬಂದು ಡಬ್ಬಿ ನೋಡಿದಳು, ಅವನನ್ನು ನೋಡಿದಳು, ಬೈಯಲಿಲ್ಲ. ಹಳೆಯದನ್ನು ಹಾಕಿ ಮತ್ತೆ ಓಝೋನ್ ಬಿಟ್ಟಳು. ಮಗನ ಯಂತ್ರದ ಅಂಕಿ ಇಳಿಯುತ್ತ ಹೋಗಿ ನಿಂತಿತು.

"ಐದರಲ್ಲಿ ಒಂದು ಪಾಲು ನುಂಗಿದೆ."

"ಅಮ್ಮ ಹೊರಗೆ ಹೋದ ದಿನ ಎಷ್ಟು ನುಂಗಿತ್ತು ಅಕ್ಕ?" ಎಂದು ಮಗ ಕೇಳಿದ.

"ಇದು ಇವತ್ತಿನ ಕೊಳೆ, ತಮ್ಮಾ. ಅವತ್ತು ಇದರಲ್ಲಿ ಅರ್ಧ ಇತ್ತೋ, ಕಾಲು ಇತ್ತೋ, ನಾನು ಹೇಳಿದರೆ ಸುಳ್ಳಾಗುತ್ತೆ. ನಾನು ಹೋದಸಲ ಬಂದಾಗಿನಿಂದ ಇವತ್ತಿನವರೆಗಿನ ಅಳತೆಗಳಿಗೆಲ್ಲ ನಂಬಬಾರದು ಅಂತ ಗುರುತು ಹಾಕು."

ಅವನು ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ದಿನಕ್ಕೆ ಗುರುತು ಹಾಕತೊಡಗಿದ. ಒಂದು ತಾರೀಕಿನ ಬಳಿ ಬೆರಳು ನಿಂತಿತು. ನಾನು ಹಿಂದಿನಿಂದ ಅವನ ಹೆಗಲು ಹಿಡಿದುಕೊಂಡೆ.

"ಅದಕ್ಕೂ ಹಾಕು, ಮಗಾ."

ಹಾಕಿದ.

ಆ ಸಂಜೆ ದೇವರ ಮುಂದೆ ಕುಳಿತೆ. ಅವತ್ತಿನ ಮಾತು ತಪ್ಪೆಂದು ತಿಳಿದಿದ್ದರೆ ಕ್ಷಮೆ ಬೇಡಬಹುದಿತ್ತು, ಸರಿಯೆಂದು ತಿಳಿದಿದ್ದರೆ ಕೈಮುಗಿಯಬಹುದಿತ್ತು. ಪಕ್ಕದಲ್ಲಿ ಮಗನೂ ಬಂದು ಕುಳಿತ. ಏನು ಬೇಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.