ಎಡಗಿವಿ, ಮೇಲರ್ಧವಿಲ್ಲ

ಬೆರಳ ತುದಿಗೆ ಹತ್ತಿದ ಕಡತದ ಧೂಳು ಹೋಗುತ್ತಲೇ ಇಲ್ಲ, ಪಂಚೆಗೆ ಒರೆಸಿದರೂ ಹಳದಿ, ಕಾಗದ ಹಳೆಯದಾದಷ್ಟೂ ಒಳಗಿನ ಆಮ್ಲವೇ ಅದನ್ನು ತಿನ್ನುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಶಿವಲಿಂಗಯ್ಯ ಪಾಂಡವಪುರದ ಬಸ್ಸಿನಲ್ಲಿ ಕೂತು ತನ್ನ ಬೆರಳನ್ನೇ ನೋಡುತ್ತಾನೆ, ಶ್ರೀರಂಗಪಟ್ಟಣ ಹಿಂದಾಯಿತು, ಕಿರಂಗೂರಿಗೆ ಇನ್ನು ಹತ್ತು ನಿಮಿಷ, ಅವ್ವ ಜಗಲಿಯ ಮೇಲೆ ಕಾದಿರುತ್ತಾಳೆ, ಕೇಳುವುದು ಒಂದೇ, ನಿಮ್ಮಪ್ಪ ಸತ್ ದಿನ ಸಿಕ್ತಾಲಾ? ಸತ್ತ ದಿನ ತಿಳಿಯದವರಿಗೆಲ್ಲ ಮಹಾಲಯ ಅಮಾವಾಸ್ಯೆಯೇ ಗತಿ, ಎಲ್ಲರ ಹಿರೀಕರ ಜೊತೆ ಅಪ್ಪನಿಗೂ ಒಂದು ಎಡೆ, ಸಿಪಾಯಿ ಅಂತ ಒಂದು ಲೋಟ ರಮ್ಮು, ಒಂದು ಕಟ್ಟು ಬೀಡಿ, ಐವತ್ತೆರಡು ವರ್ಷದಿಂದ ಹೀಗೇ — ನಾನ್ ಸಾಯೋದ್ರೊಳ್ಗೆ ಅವ್ರಿಗೇ ಅಂತ ಒಂದ್ ದಿನ ಮಾಡ್ಬುಡ್ಲಾ, ಗುಂಪ್ನಾಗೆ ನಿಂತು ಉಣ್ಣೋ ಆಸಾಮಿ ಅಲ್ಲ ಕಣ್ಲಾ ಅದು, ಎಂದು ಅವಳೇ ಪಟ್ಟಣಕ್ಕೆ ಅಟ್ಟಿದ್ದಳು.

ಅಪ್ಪ ಕೆಂಪಣ್ಣ ದಂಡಿಗೆ ಹೋದಾಗ ತನಗೆ ಮೂರು ವರ್ಷ, ಮುಖ ನೆನಪಿಲ್ಲ, ನಲವತ್ನಾಲ್ಕರಲ್ಲಿ ನಾಗಮಂಗಲದ ಒಬ್ಬ ಸಿಪಾಯಿ ರಜಕ್ಕೆ ಬಂದವನು, ಬರ್ಮಾದಾಗೆ ಬಿದ್ದಿದ್ದ ಕಣವ್ವ, ನಾನೇ ನೋಡ್ದೆ, ಅಂದ, ಅವ್ವ ಅಂದೇ ಬಳೆ ಒಡೆದುಕೊಂಡಳು, ಕಾಗದಕ್ಕೆ ಯಾರು ಕಾದರು. ಇವತ್ತು ಪಟ್ಟಣದ ಖಜಾನೆ ಕಚೇರಿಯ ಗುಮಾಸ್ತ ಶ್ರೀಕಂಠಯ್ಯ ದಫ್ತರದ ಗಂಟು ಬಿಚ್ಚಿ ನಕ್ಕ, ನೀವು ಬರ್ಮಾ ಬರ್ಮಾ ಅಂತೀರಲ್ಲ ಮೇಷ್ಟ್ರೇ, ನಿಮ್ಮ ತಂದೆ ಇದೇ ಕಿಟಕೀಲಿ ಹನ್ನೆರಡು ವರ್ಷ ಹೆಬ್ಬೆಟ್ಟು ಒತ್ತಿದಾರೆ ನೋಡಿ! ಪಿಂಚಣಿ ಪುಸ್ತಕಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಬಿಡುಗಡೆ ಪತ್ರ, ೧೯೪೬, ಬುದ್ಧಿ ಸ್ಥಿಮಿತವಿಲ್ಲ, ಗುರುತು: ಎಡಗಿವಿ, ಮೇಲರ್ಧವಿಲ್ಲ — ಗುಂಡೇಟು. ಶ್ರೀಕಂಠಯ್ಯ ಕೊನೆಯ ಸಾಲನ್ನು ದೊಡ್ಡದಾಗಿ ಓದಿದ, ೧೨-೧೦-೫೮, ಗಂಜಾಂ ಹೊಳೆಯ ಸೋಪಾನದಲ್ಲಿ ಮೃತ, ತಲೆಯ ಹಿಂದೆ ಪೆಟ್ಟು, ವಾರಸುದಾರರಿಲ್ಲ. ಪಾಪ, ಜಾರಿ ಬಿದ್ದಿರಬೇಕು, ಕಾಫಿ ತರಿಸಲಾ?

ಅಕ್ಟೋಬರ್ ಹನ್ನೆರಡು. ಲೆಕ್ಕ ತಾನಾಗಿಯೇ ನಡೆಯುತ್ತದೆ, ಬೇಡವೆಂದರೂ, ತಿಥಿಯೂ ತಾರೀಖೂ ಹತ್ತೊಂಬತ್ತು ವರ್ಷಕ್ಕೊಮ್ಮೆ ಕೂಡುತ್ತವೆ, ಎರಡು ಸುತ್ತಿಗೆ ಮೂವತ್ತೆಂಟು, ಈ ವರ್ಷ ತೊಂಬತ್ತಾರು, ಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಹನ್ನೆರಡಕ್ಕೆ ಮಹಾಲಯ ಎಂದು ಕೆಂಪು ಗುಂಡು — ಹಾಗಾದರೆ ಅವತ್ತೂ ಅಮಾವಾಸ್ಯೆ, ತಾನಾಗ ಮೈಸೂರಿನಿಂದ ಬಂದಿದ್ದ, ಬಿಎಸ್ಸಿ ಓದುವ ಇಪ್ಪತ್ತರ ಹುಡುಗ, ಒಳಗೆ ಅವ್ವ ವಡೆ ಕರಿಯುತ್ತಾ ಕೂಗುತ್ತಾಳೆ, ಎಡೆಗೆ ಕಾಗೆ ಮುಟ್ಟೋಗಂಟ ಯಾರ್ಗೂ ಒಂದಗುಳೂ ಕೊಡ್ಬ್ಯಾಡ ಕಣ್ಲಾ, ಹಿತ್ತಲ ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ, ಖಾಕಿ ಕೋಟು, ಗಡ್ಡ, ಎಲೆ ನೋಡುವುದಿಲ್ಲ, ಇವನನ್ನೇ ನೋಡುತ್ತಾನೆ, ಓಗಯ್ಯ ಅಂದರೆ ಬಲಗಿವಿಯನ್ನು ಇತ್ತ ತಿರುಗಿಸುತ್ತಾನೆ, ಇನ್ನೊಮ್ಮೆ ಹೇಳು ಅನ್ನುವಂತೆ, ಓಗಯ್ಯ ಓಗು, ಮತ್ತೆ ಕಿವಿ ಕೊಡುತ್ತಾನೆ, ನಗುತ್ತಾನೆ, ಆಡಿಕೊಳ್ಳುತ್ತಿದ್ದಾನೆ ಅನ್ನಿಸಿ ಎದೆಗೆ ಎರಡೂ ಕೈ ಇಟ್ಟು ತಳ್ಳಿದ್ದು, ಒರಳುಕಲ್ಲು ಟಣ್ ಅಂದದ್ದು, ಬಿದ್ದವನ ಮುಖ ಹೊರಳಿ ಅತ್ತಲಿನ ಕಿವಿ ಮೇಲೆ ಬಂತು, ಇಲಿ ಕಡಿದ ರೊಟ್ಟಿಯ ಹಾಗೆ ಅರ್ಧ. ಯಾರ್ಲಾ ಅದು? ನಾಯಿ ಕಣವ್ವ. ಎದ್ದು, ತಲೆ ಹಿಡಿದುಕೊಂಡು, ಗಂಜಾಂ ಕಡೆ ನಡೆದ. ಆಮೇಲೆ ಕಾಗೆ ಬಂತು, ಮುಟ್ಟಿತು, ಇವನು ಮೂರು ವಡೆ ತಿಂದ.

ಬಸ್ಸು ನಿಂತಿದೆ, ಇಳಿದದ್ದು ಯಾವಾಗ, ಜಗಲಿ, ಅವ್ವ. ಸಿಕ್ತಾಲಾ? ಅಮಾಸೆನೇ ಕಣವ್ವ, ಮಾಲಯದಮಾಸೆ. ಎಂಬತ್ತರ ಬೊಚ್ಚುಬಾಯಿ ಅರಳಿತು, ನೋಡ್ದಾ, ಅಲ್ಲಿಗೆ ನಾವ್ ಇಕ್ಕಿದ್ದೆಲ್ಲಾ ಸರ್ಯಾಗೇ ಮುಟ್ಟದೆ ಬುಡು! ಅದ್ಸರಿ, ಎಂಗ್ ಸತ್ರಂತೆ, ಗುಂಡಾ? ಅವನು ಏನೋ ಅಂದ. ಏನಂದೆ? ಎಂದು ಅವಳು ತಲೆಯ ಮೇಲಿನ ಸೆರಗು ಸರಿಸಿ ಕಿವಿಯನ್ನು ಇತ್ತ ತಿರುಗಿಸುತ್ತಾಳೆ, ಇನ್ನೊಮ್ಮೆ ಹೇಳು ಅನ್ನುವಂತೆ, ನಗುತ್ತಾ, ಹತ್ತಿರ ತರುತ್ತಾಳೆ, ಕಿವಿ, ಒರಳುಕಲ್ಲಿನ ಪಕ್ಕ ಮೇಲೆ ಬಂದ ಕಿವಿ, ಅರ್ಧ —