ತಂತಿ ಮುಟ್ಟುವ ಮೊದಲು

ಚಹಾದ ಬಿಸಿ ಕಾಗದದ ಕಪ್ಪು ದಾಟಿ ಬೆರಳಿಗೆ ಏರುತ್ತಿದೆ, ಏರಲಿ, ಸುಡುವುದು ತಿಳಿಯುತ್ತಿದೆಯಲ್ಲ, ಅಷ್ಟು ಸಾಕು, ಅಂದುಕೊಂಡಳು ಫರ್ಜಾನಾ, ಚಿಕ್ಕೇರೂರಿನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಹೆಲ್ಮೆಟ್ಟು ತೆಗೆದಿಟ್ಟು ಕುಳಿತು, ಪಕ್ಕದಲ್ಲಿ ಗುತ್ತೆಪ್ಪ ಕಾಕಾ, ಈ ಭಾಗದ ಹಳೆಯ ಲೈನ್‌ಮನ್, ಹೊಸದಾಗಿ ಸೇರಿದ ಅವಳಿಗೆ ಕೆಲಸ ತೋರಿಸಲು ಬಂದವರು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಕುಡಿಯುತ್ತಿಲ್ಲ — ಆವತ್ತು ಶಿಗ್ಗಾಂವಿಯ ತರಬೇತಿ ಕೇಂದ್ರದಲ್ಲಿ ಅವಳ ಕಣ್ಣಿಗೆ ಇಲ್ಲದ್ದನ್ನು ಇದ್ದಂತೆ ತೋರಿಸುವ ಆ ದಪ್ಪ ವಿ.ಆರ್. ಕನ್ನಡಕ ಕಟ್ಟಿದ್ದರು, ತಲೆ ತಿರುಗಿಸಿದ ಕಡೆಯೆಲ್ಲ ಆಕಾಶ, ಕೆಳಗೆ ಹೊಲ, ಎದುರಿಗೆ ಕಂಬ, ನಿಂತದ್ದು ಮಾತ್ರ ಕೋಣೆಯ ನೆಲದ ಮೇಲೆ, ಲೈನ್ ಬಂದ್ ಮಾಡಿದ್ದೇನಲ್ಲ ಎಂದು ಧೈರ್ಯವಾಗಿ ತಂತಿಗೆ ಕೈ ಹಾಕಿದ್ದಳು, ಬಿಳಿ ಬೆಳಕು, ಕಿವಿಯಲ್ಲಿ ಸಿಡಿಲು, ಆಮೇಲೆ ಕತ್ತಲೆ, ಅಷ್ಟೇ, ಕನ್ನಡಕದೊಳಗೆ ಸತ್ತಿದ್ದಳು. ಕನ್ನಡಕ ಬಿಚ್ಚಿ ನೀರು ಕೊಟ್ಟವರು ಕಲಿಸುವ ರಂಜನಾ ಮೇಡಂ, ಯಾರದೋ ಮನ್ಯಾಗ ಜನರೇಟರ್ ನಡದಿತ್ತು ನೋಡ್ರಿ, ಆ ಕರೆಂಟ್ ತಿರುಗಿ ಲೈನಿಗೆ ಬಂತು, ಬಂದ್ ಮಾಡೇನಿ ಅಂತ ನಂಬಬ್ಯಾಡ್ರಿ, ಮೊದಲ ಟೆಸ್ಟರ್ ಹಿಡೀರಿ, ಸಾಯೋದಿದ್ರ ಇಲ್ಲೇ ಎಷ್ಟು ಸಲ ಬೇಕಾದ್ರೂ ಸಾಯ್ರಿ, ಹೊರಗ ಬ್ಯಾಡ, ಅಂದರು. ಮನೆಗೆ ಮರಳುವ ಸವಣೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದಳು, ಈ ಕೆಲಸ ನನಗಲ್ಲ ಎಂದು, ಮನೆಯಲ್ಲಿ ಅವ್ವ ಚಾಂದಬಿ ವೀಳ್ಯದೆಲೆ ಜೋಡಿಸುತ್ತಿದ್ದವಳು ತಲೆಯೆತ್ತದೆ ಅಂದಳು, ಅಂಜಿಕಿ ಬಂತಲ್ಲ, ಛಲೋ ಆತು, ಅದನ್ನ ಜೋಡಿ ಕರಕೊಂಡ ಹೋಗು, ಕೆಲಸ ಬಿಡಬ್ಯಾಡ.

ಬಿಡಲಿಲ್ಲ, ಪುಣ್ಯ, ಬಿಟ್ಟಿದ್ದರೆ ಇವತ್ತು ಕಂಬಕ್ಕೆ ಆನಿಸಿದ ಈ ಏಣಿಯ ಬುಡದಲ್ಲಿ ಯಾರಿರುತ್ತಿದ್ದರು, ಓಣಿಯ ಕರೆಂಟ್ ಸರಿಮಾಡಲು ಕಾಕಾ ತಾವೇ ಲೈನ್ ಬಂದ್ ಮಾಡಿ ಬಂದಿದ್ದರು, ಕೈಗವಸು ಸೊಂಟಕ್ಕೆ ಸಿಕ್ಕಿಸಿ ಏಣಿ ಏರಿದ್ದರು, ಕಾಕಾ, ಟೆಸ್ಟರ್ ಹಿಡದು ನೋಡೂನ್ರಿ ಅಂದರೆ, ನಾನ ಬಂದ್ ಮಾಡೇನಲ್ಲ ತಂಗಿ ಅಂದು ನಕ್ಕರು, ಕೈ ಚಾಚಿದರು, ಆಗಲೇ ಗಿರಣಿಯ ಹಿಂದಿನಿಂದ ಜನರೇಟರಿನ ಡಬಡಬ ಸದ್ದು ಅವಳ ಕಿವಿಗೆ ಬಿತ್ತು — ಕೈ ತಗೀರಿ ಕಾಕಾ. ತನ್ನ ದನಿಯೇ ಅನ್ನಿಸಲಿಲ್ಲ ಅದು. ಬಿಚ್ಚಿದ ಐದು ಬೆರಳು, ಆಚೆ ತಂತಿ, ನಡುವೆ ಒಂದು ಗೇಣು ಆಕಾಶ, ಕೈ ಅಲ್ಲೇ ನಿಂತಿತು, ಅವಳು ಉದ್ದ ಕೋಲಿನ ತುದಿಯ ಟೆಸ್ಟರನ್ನು ತಂತಿಗೆ ಹಿಡಿದಳು, ಕೆಂಪು ದೀಪ ಹೊತ್ತಿ ಕಿರ್ರೆಂದು ಕೂಗಿತು, ತಂತಿಯಲ್ಲಿ ಕರೆಂಟ್ ಇತ್ತು. ಕಾಕಾ ಮೆಲ್ಲಗೆ ಇಳಿದರು, ಗಿರಣಿಯವನ ಜನರೇಟರ್ ನಿಲ್ಲಿಸಿದರು, ಮತ್ತೆ ಟೆಸ್ಟರ್ ಹಿಡಿದು, ಕೈಗವಸು ಹಾಕಿಕೊಂಡು ಕೆಲಸ ಮುಗಿಸಿದರು, ಓಣಿಗೆ ಕರೆಂಟ್ ಬಂತು, ಚಹಾ ತಂದದ್ದೂ ಅವರೇ. ಅವಳು ಶಿಗ್ಗಾಂವಿಯ ಕತೆ ಹೇಳಿದ್ದಾಯಿತು, ಈಗ ಕೇಳುತ್ತಿದ್ದಾರೆ, ತಂಗಿ, ಆ ಕನ್ನಡಕ ನನಗೂ ಹಾಕ್ತಾರೇನ. ಹಾಕ್ತಾರ ಕಾಕಾ, ನಾನ ಕರಕೊಂಡ ಹೋಗ್ತೇನಿ, ಅಂದಳು, ರಂಜನಾ ಮೇಡಂಗೆ ಫೋನ್ ಮಾಡಬೇಕು, ಏನೆಂದು ಹೇಳುವುದು, ನೀವು ಆವತ್ತು ನನ್ನನ್ನು ಸಾಯಿಸಿದ್ದಕ್ಕೆ ಇವತ್ತು ಒಬ್ಬರು ಉಳಿದರು ಎಂದೇ, ಅವ್ವನಿಗೂ ಹೇಳಬೇಕು, ಸಂಜೆ, ಎಲೆ ಜೋಡಿಸುತ್ತಾ, ಕಾಕಾ ಚಹಾ ಗುಟುಕರಿಸುತ್ತಿದ್ದಾರೆ, ಕಪ್ಪಿನ ಸುತ್ತ ಅದೇ ಬೆರಳು, ಬೆಚ್ಚಗಿನ ಬೆರಳು, ಕಣ್ಣು ಮುಚ್ಚಿದರೆ ಮತ್ತೆ ಅದೇ — ಬಿಚ್ಚಿದ ಐದು ಬೆರಳು, ಆಚೆ ತಂತಿ, ನಡುವೆ ಒಂದು ಗೇಣು ಆಕಾಶ